ಬಸ್ಸಿಗೆ ಬಾಲ ಕಟ್ಟಿದ ಭಾವ

ನಮ್ಮ ಭಾವನವರಿಗೆ ಈ ಲೋಕದಲ್ಲಿ ಇರುವುದು ಒಂದೇ ಶತ್ರು. ದಾಯಾದಿಯಲ್ಲ, ಶಾನುಭೋಗನಲ್ಲ, ತೆಂಗಿನಕಾಯಿ ಕದಿಯುವ ಪಕ್ಕದ ತೋಟದವನೂ ಅಲ್ಲ. ಗಾಳಿ! ನೀವೂ ನಾವೂ ಉಸಿರಾಡುವ ಈ ಗಾಳಿಯ ಮೇಲೆ ಯಾರಾದರೂ ಹಗೆ ಸಾಧಿಸುತ್ತಾರೆಯೇ ಎಂದು ಕೇಳುತ್ತೀರಾ? ಹಳೇಬೀಡಿಗೆ ಬಂದು ನೋಡಿ. ಬಂದವರೆಲ್ಲ ಕಲ್ಲಿನ ಗುಡಿ ನೋಡಿಕೊಂಡು ಹಾಗೇ ಹೋಗಿಬಿಡುತ್ತಾರೆ. ಹಿಂದಿನ ಬೀದಿಯಲ್ಲಿರುವ ನಮ್ಮ ಭಾವನವರನ್ನು ನೋಡದೆ ಹೋದರೆ ನಷ್ಟ ಅವರಿಗೇ!

ಭಾವ ಎಂದರೆ ನನ್ನ ಅಕ್ಕನ ಗಂಡ. ನಾನು ಅರಸೀಕೆರೆಯ ಕೊಬ್ಬರಿ ವ್ಯಾಪಾರಿ. ಬೇರೆಯವರ ಮೂಟೆ ಹೊತ್ತು ಶುರು ಮಾಡಿ, ಸ್ವಂತ ಮಂಡಿ ಇಟ್ಟು, ಕೊನೆಗೊಂದು ಹಳೆಯ ಬಸ್ಸನ್ನೂ ಚೌಕಾಸಿ ಮಾಡಿ ಕೊಂಡವನು. ಬೇಲೂರಿನಿಂದ ಹೊರಟು ಹಳೇಬೀಡು, ಜಾವಗಲ್ ಮೇಲೆ ಅರಸೀಕೆರೆಗೆ ಬರುವ ಬಸ್ಸು. ಯುದ್ಧ ಶುರುವಾಗಿ ಪೆಟ್ರೋಲ್ ಸಿಗದಂತಾದ ಮೇಲೆ ಎಲ್ಲರಂತೆ ನಾನೂ ಇದ್ದಿಲ ಗ್ಯಾಸಿಗೆ ಇಳಿದೆ. ಡ್ರೈವರನ ಪಕ್ಕದ ಮೆಟ್ಟಿಲ ಮೇಲೆ ಹಂಡೆಯಂಥದೊಂದು ಒಲೆ. ಅದಕ್ಕೆ ಇದ್ದಿಲು ತುಂಬಿ, ಹಿಡಿ ತಿರುಗಿಸಿ ಊದಿ ಊದಿ, ನಮ್ಮ ಕಣ್ಣಲ್ಲಿ ನೀರು ಬಂದ ಮೇಲೆ ಬಸ್ಸಿಗೆ ಜೀವ ಬರುತ್ತಿತ್ತು. ಬಸ್ಸು ಕೊಳ್ಳುವವರಿಗೆ ನನ್ನದೊಂದು ಬುದ್ಧಿಮಾತು: ಕೊಳ್ಳುವ ಮುಂಚೆ ಹಿಂದಿನ ಸೀಟಿನಲ್ಲಿ ಕುಳಿತು ನೋಡಿ. ಮುಂದೆ ಕುಳಿತವನಿಗೆ ರಸ್ತೆ ಕಾಣುತ್ತದೆ, ಹಿಂದೆ ಕುಳಿತವನಿಗೆ ಬಸ್ಸು ಕಾಣುತ್ತದೆ!

ಭಾವನವರಿಗೆ ಗಾಳಿಯ ಹುಚ್ಚು ಹತ್ತಿಸಿದವನು ಅವರ ಒಬ್ಬನೇ ಮಗ. ವಿಮಾನ ರಿಪೇರಿಯ ಕೆಲಸಕ್ಕೆಂದು ದಂಡಿಗೆ ಸೇರಿದ ಹುಡುಗ, ದೂರದ ಊರಿಗೆ ಕಳಿಸುವ ಮುಂಚೆ ಮನೆಗೆ ಬಂದಿದ್ದ.

"ಅಷ್ಟು ಭಾರದ್ದು ಮೇಲೆ ಹೆಂಗ್ಲಾ ನಿಂತ್ಕತದೆ?" ಎಂದರು ಭಾವ.

ಹುಡುಗ ಕಾಗದದ ಪಟ್ಟಿಯೊಂದನ್ನು ಹರಿದು ಅಪ್ಪನ ತುಟಿಯ ಕೆಳಗೆ ಹಿಡಿದ. "ಮೇಲ್ಗಡೆ ಊದಪ್ಪ." ಭಾವ ಊದಿದರು. ಜೋತುಬಿದ್ದಿದ್ದ ಕಾಗದ ಮೇಲೆದ್ದಿತು! ಮೇಲೆ ಓಡುವ ಗಾಳಿಯ ಒತ್ತಡ ತಗ್ಗುತ್ತದೆ, ಕೆಳಗಿನ ಗಾಳಿ ಎತ್ತಿಹಿಡಿಯುತ್ತದೆ, ರೆಕ್ಕೆಯ ಕೆಲಸವೂ ಸುಮಾರಾಗಿ ಹೀಗೇ ಎಂದು ವಿವರಿಸಿ ಮಗ ಹೊರಟ.

ಅವನನ್ನು ರೈಲು ಹತ್ತಿಸಲು ಅಕ್ಕನೂ ಬಸ್ಸು ಹತ್ತಿದಳು. ಅಕ್ಕನಿಗೆ ಗೂರಲು ರೋಗ, ಧೂಳು ಬಡಿದರೆ ಉಸಿರು ಕಟ್ಟಿಕೊಳ್ಳುತ್ತದೆ. ಜಾವಗಲ್ ಬರುವಷ್ಟರಲ್ಲಿ ಅವಳ ಎದೆ ಕೊಳಲಿನಂತೆ ಕುಯ್ಯೆನ್ನತೊಡಗಿತು. ಮಗನೇ ಅವಳನ್ನು ಇಳಿಸಿ, ಸೆರಗಿನ ಧೂಳು ಕೊಡವಿ, ಅಪ್ಪನ ಜೊತೆ ಅಲ್ಲೇ ಬಿಟ್ಟು ಹೋದ. ಚಿಕ್ಕಂದಿನಿಂದಲೂ ಹಾಗೆ, ಅಮ್ಮ ಹೊರಗಿನಿಂದ ಬಂದರೆ ಸೆರಗು ಕೊಡವುವ ಕೆಲಸ ಅವನದೇ.

ಅಲ್ಲಿಂದ ಶುರುವಾಯಿತು ನೋಡಿ! ಒಂದು ದಿನ ಭಾವ ನನ್ನ ಮಂಡಿಗೆ ಬಂದು ಪೇಪರು ಹರಿದು ಎಲ್ಲರಿಗೂ ಹಂಚಿದರು. ದೂರದಿಂದ ಬಂದ ಖರೀದಿದಾರನೊಬ್ಬ ಬಾಗಿಲಲ್ಲೇ ನಿಂತ. ಒಳಗೆ ಗುಮಾಸ್ತ, ಹಮಾಲಿ, ದಲ್ಲಾಳಿ, ಜೊತೆಗೆ ನಾನೂ, ಎಲ್ಲರೂ ತುಟಿಗೆ ಕಾಗದ ಹಚ್ಚಿಕೊಂಡು ಊದುತ್ತಿದ್ದೇವೆ! "ಅಂಟುಜಾಡ್ಯವೇನ್ರೀ?" ಎಂದು ಕೇಳಿ ಆತ ಎದುರು ಮಂಡಿಗೆ ನಡೆದ.

ಆಮೇಲೆ ಉಣ್ಣೆ ಎಳೆಗಳು. ಗೇಣುದ್ದದ ಕೆಂಪು ಎಳೆಗಳನ್ನು ಸೈಕಲ್ಲಿಗೆ, ಎತ್ತಿನ ಕೊಂಬಿಗೆ, ಸ್ವಂತ ರುಮಾಲಿಗೆ ಕಟ್ಟಿ, ಕೊನೆಗೆ ನನ್ನ ಬಸ್ಸಿನ ಮೈತುಂಬ ಕಟ್ಟಿದರು. ಎಳೆ ಮೈಗಂಟಿ ಮಲಗಿದ್ದರೆ ಗಾಳಿ ಒಪ್ಪಿಕೊಂಡು ಸರಿಯುತ್ತಿದೆ ಎಂದರ್ಥ. ಗಿರ್ರನೆ ಸುತ್ತಿದರೆ ಜಗಳ! ಬಸ್ಸಿನ ಹಿಂದಿನ ಎಳೆಗಳೆಲ್ಲ ಹುಚ್ಚು ಹಿಡಿದಂತೆ ಕುಣಿದವು.

"ಗಾಳಿ ಮುಖಕ್ಕೆ ಹೊಡೆಯೋದು ಅರ್ಧ ಕಣಯ್ಯ," ಎಂದರು ಭಾವ. "ಬಸ್ಸು ಹೋದ ಮೇಲೆ ಆ ಜಾಗ ತುಂಬಕ್ಕೆ ಆಗದೆ ಹಿಂದ್ಗಡೆ ಸುಳಿ ಏಳ್ತದೆ. ಅದು ಪಂಚೆ ಚುಂಗು ಹಿಡ್ಕಂಡು ಎಳೀತದೆ. ನೆಲದ ಧೂಳೆಲ್ಲ ಎತ್ತಿ ಒಳಕ್ಕೂ ಹಾಕ್ತದೆ. ಮೀನು ನೋಡು, ವಿಮಾನ ನೋಡು. ಮುಂದೆ ದಪ್ಪ, ಹಿಂದೆ ಸಣ್ಣ. ನಿನ್ ಬಸ್ಸಿಗೆ ಹಿಂದೆ ಏನೈತೆ? ಗೋಡೆ!"

"ಅದಕ್ಕೆ?"

"ಬಾಲ ಕಟ್ಟಾನ."

ನಾನು ವ್ಯಾಪಾರಿಯ ಮಾತಾಡಿದೆ. "ಬಿದಿರು ನಿಮ್ಮದು, ಕೂಲಿ ನಿಮ್ಮದು, ಜನ ನಕ್ಕರೆ ನಗಿಸಿಕೊಳ್ಳೋ ಮುಖಾನೂ ನಿಮ್ಮದು. ಇದ್ದಿಲು ಉಳಿದರೆ ಲಾಭ ಮಾತ್ರ ನಂದು." ಭಾವ ತಕ್ಷಣ ಹೂಂ ಎಂದರು! ನಿಮಗೆ ಇನ್ನೊಂದು ಬುದ್ಧಿಮಾತು: ಚೌಕಾಸಿ ಮಾಡದೆ ಒಪ್ಪುವ ಗಿರಾಕಿ ಸಿಕ್ಕರೆ ಹಿಗ್ಗಬೇಡಿ. ನಿಮಗೆ ಕಾಣದ್ದೇನೋ ಅವನಿಗೆ ಕಂಡಿದೆ ಎಂದು ತಿಳಿಯಿರಿ.

ಮೇದರನ್ನು ಕರೆಸಿ, ರಾಗಿ ತುಂಬುವ ಕಣಜದ ಹಾಗೆ ದೊಡ್ಡದೊಂದು ಬಿದಿರ ಬುಟ್ಟಿ ಹೆಣೆಸಿದರು. ಬಸ್ಸಿನ ಬೆನ್ನಷ್ಟೇ ಅಗಲದ ಬಾಯಿ, ಹೋಗುತ್ತ ಹೋಗುತ್ತ ಸಣ್ಣಗೆ. ಮೇಲೆ ಸಗಣಿ ಮಣ್ಣು ಕಲಸಿ ಬಳಿದು ಒಣಗಿಸಿ ಬಸ್ಸಿಗೆ ಬಿಗಿದರು. ಜಾವಗಲ್ ಸಂತೆಯಲ್ಲಿ ಮುದುಕನೊಬ್ಬ ನನ್ನನ್ನು ತಡೆದು ಕೇಳಿದ:

"ಯಜಮಾನ್ರೇ, ಹಿಂದ್ಗಡೆ ಕಣಜದಾಗೆ ಏನೈತೆ?"

"ಏನೂ ಇಲ್ಲಪ್ಪ."

"ಬರೀ ಕಣಜಾನ ದಿನಾ ಅರಸೀಕೆರೆಗೆ ಹೊತ್ಕಂಡೋಗಿ ತತ್ತೀರಾ?"

ನಾನು ಬಸ್ಸು ಹತ್ತಿದೆ. ಭಾವನವರ ಅವತಾರವಂತೂ ಇನ್ನೂ ವಿಚಿತ್ರ. ಮಡಿ ಮಾಡಿದ ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟು ಹಿಂದಿನ ಸೀಟಿನ ಮೂಲೆಯಲ್ಲೇ ಕೂರುವುದು. ಅರಸೀಕೆರೆಯಲ್ಲಿ ಇಳಿದು ಬಿಸಿಲಿಗೆ ಹೋಗಿ ಪಂಚೆಯನ್ನು ಹಿಡಿದು ಹಿಡಿದು ನೋಡುವುದು. ವಾಪಸು ಬಂದು ಬಾಲದ ಯಾವುದೋ ಸಂದಿಗೆ ಮತ್ತಷ್ಟು ಸಗಣಿ ಮೆತ್ತುವುದು. "ಭಾವನೋರು ಮದುವೆ ಗಂಡಿನಂಗೆ ಬಿಳೀದು ಉಟ್ಕಂಡು ಹಿಂದ್ಗಡೇನೇ ಯಾಕ್ ಕೂರ್ತಾರೆ ಸ್ವಾಮಿ?" ಎಂದು ಡ್ರೈವರ್ ಕೇಳಿದ. ಮಗ ಹೋದ ಮೇಲೆ ತಲೆ ಕೆಟ್ಟಿದೆ ಎಂದು ಊರು ಆಡಿಕೊಂಡಿತು. ಬಾಲದಿಂದ ಉಳಿದ ಇದ್ದಿಲು ಒಂದು ಕುಡಿಕೆಗೂ ಸಾಲದಲ್ಲ ಎಂದು ನಾನು ಗೊಣಗಿಕೊಂಡೆ.

ಹೀಗಿರುವಾಗ ಪುಷ್ಯ ಮಾಸದ ಒಂದು ದಿನ, ರಜೆಯ ಮೇಲೆ ಗಂಡಸಿ ಎಂಬ ಊರಿಗೆ ಬಂದಿದ್ದ ಸಿಪಾಯಿಯೊಬ್ಬ ಸುದ್ದಿ ತಂದ. ಹುಡುಗನ ದಳ ಪೂರ್ವದ ಕಡೆ ಹೊರಟಿದೆ, ಅಲ್ಲಿ ಕಾಳಗ ಜೋರು. ನಾಳೆ ಮಧ್ಯಾಹ್ನ ಅವರ ರೈಲು ಅರಸೀಕೆರೆಯಲ್ಲಿ ನೀರು ಹಿಡಿಯಲು ನಿಲ್ಲುತ್ತದೆ. ಎಷ್ಟು ಹೊತ್ತು? ಎಂಜಿನ್ನಿಗೆ ನೀರು ತುಂಬುವಷ್ಟು ಹೊತ್ತು!

"ನಾನೂ ಬತ್ತೀನಿ," ಎಂದಳು ಅಕ್ಕ.

ಆ ದಿನ ನಾನು ಹಳೇಬೀಡಿನಲ್ಲೇ ಇದ್ದೆ. "ಬೇಡ ಕಣಕ್ಕ. ಹೋದ ಸಲ ಏನಾಯ್ತು ಮರೆತೆಯಾ?"

"ಹೋದ ಸಲ ಬರೀ ಇವರಿದ್ರು ಕಣೋ. ಈ ಸಲ ಇವರ ಬಾಲಾನೂ ಐತೆ."

ನಗುವ ಧೈರ್ಯ ಯಾರಿಗೂ ಇರಲಿಲ್ಲ. ಈಗ ನೋಡದಿದ್ದರೆ ಇನ್ನು ಯಾವಾಗ? ನೋಡುವುದುಂಟೋ ಇಲ್ಲವೋ?

ಮರುದಿನ ಒಲೆ ಬೇಗ ಹತ್ತಲಿಲ್ಲ, ಹೊರಡುವುದು ತಡವಾಯಿತು. ಮುಂದಿನ ಸೀಟಿನಲ್ಲಿ ಇದ್ದಿಲ ಹೊಗೆ, ಅಕ್ಕನಿಗೆ ಆಗದು. ಹಿಂದಿನ ಉದ್ದ ಸೀಟಿನ ಮೂಲೆಯಲ್ಲಿ, ಭಾವ ದಿನವೂ ಕೂರುತ್ತಿದ್ದ ಜಾಗದಲ್ಲೇ, ಅವಳು ದಿಂಬಿಗೊರಗಿ ಕುಳಿತಳು. ಅವಳ ಮೂಗಿನ ನೇರಕ್ಕೆ ಕಿಟಕಿ ಕಂಬಿಯಲ್ಲಿ ಒಂದು ಕೆಂಪು ಎಳೆ. ಭಾವ ಎದುರು ಕುಳಿತು ಅದನ್ನೇ ನೋಡುತ್ತಿದ್ದರು. ದಾರಿಯನ್ನು ನೋಡಲಿಲ್ಲ, ಅಕ್ಕನನ್ನೂ ನೋಡಲಿಲ್ಲ.

ಜಾವಗಲ್ ದಾಟಿ ರಸ್ತೆ ಪೂರ್ವಕ್ಕೆ ತಿರುಗಿತು. ಮರವಿಲ್ಲದ ಬಯಲು. ಮೂಡಣ ಗಾಳಿ ಮುಖಕ್ಕೆ ಮುಖ ಕೊಟ್ಟು ನಿಂತಿತು. ಬಸ್ಸು ಮುಲುಗುತ್ತ ನಡಿಗೆಗೆ ಇಳಿಯಿತು. ಮೇಯುತ್ತಿದ್ದ ಎಮ್ಮೆಯೊಂದು ತಲೆಯೆತ್ತಿ ನಮ್ಮನ್ನು ನೋಡಿ, ಮತ್ತೆ ಮೇದು, ಮತ್ತೆ ತಲೆಯೆತ್ತಿತು. ನಾವಿನ್ನೂ ಅಲ್ಲೇ! ಕೊನೆಗೆ ಬಸ್ಸು ನಿಂತೇ ಬಿಟ್ಟಿತು. ಹೊತ್ತು ನೆತ್ತಿ ದಾಟುತ್ತಿತ್ತು.

"ಆ ಬಾಲ ಕಡೀರಿ ಮೊದ್ಲು! ಅದೇ ಜಗ್ತಾ ಇರೋದು!" ಎಂದು ಒಬ್ಬ ಕೂಗಿದ. ಎಲ್ಲರೂ ದನಿಗೂಡಿಸಿದರು. ಡ್ರೈವರ್ ಮಚ್ಚು ತೆಗೆದುಕೊಂಡು ಹಿಂದಕ್ಕೆ ಬಂದ. ಅಷ್ಟರಲ್ಲಿ ಭಾವ ಇಳಿದು ಬಾಲಕ್ಕೆ ಬೆನ್ನು ಕೊಟ್ಟು, ಕೈ ಚಾಚಿ ನಿಂತಿದ್ದರು.

"ಭಾವ, ಇದು ಹಠದ ಹೊತ್ತಲ್ಲ," ಎಂದೆ. "ರೈಲು ತಪ್ಪಿ ಹೋಗ್ತದೆ."

ಭಾವ ಒಳಗಿನವರಿಗೆ ಕೇಳದಂತೆ ಹೇಳಿದರು: "ಬಾಲ ಕಿತ್ತಾಕಿದ್ರೆ ಆ ಧೂಳೆಲ್ಲ ಅವಳ ಮೇಲೆ ಬತ್ತದೆ ಕಣಯ್ಯ. ರೈಲು ಸಿಕ್ಕೀತು. ನೋಡಕ್ಕೆ ಅವಳಿಗೆ ಉಸಿರಿರಬೇಕಲ್ಲ?"

ನಾನು ಮಚ್ಚನ್ನು ಡ್ರೈವರನ ಕೈಯಿಂದ ಇಸಿದುಕೊಂಡೆ. ಆ ಬಿಳಿ ಪಂಚೆ, ಆ ಮೂಲೆ ಸೀಟು, ಆ ಸಗಣಿ, ಎಲ್ಲ ಧೂಳಿನ ಲೆಕ್ಕ! ಲಾಭನಷ್ಟ ನೋಡುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂದುಕೊಂಡಿದ್ದವನು ನಾನು. ಇದೊಂದು ಕಣ್ಣಿಗೆ ಬಿದ್ದಿರಲಿಲ್ಲ.

"ಇಳಿಸಬೇಕಾದ್ದು ಅಲ್ಲೈತೆ," ಎಂದು ಭಾವ ಬಸ್ಸಿನ ತಲೆಯ ಮೇಲೆ ಬೆರಳು ತೋರಿಸಿದರು. ಅಲ್ಲಿದ್ದುದು ನನ್ನ ಕೊಬ್ಬರಿ ಮೂಟೆಗಳು, ಸಾಲಾಗಿ, ಕೋಟೆಯ ಹಾಗೆ! "ಅವನ್ನ ಒಳಕ್ಕೆ ಹಾಕು."

"ಒಳಗಿದ್ದರೂ ಭಾರ ಅಷ್ಟೇ ಅಲ್ವಾ ಭಾವ? ಬಸ್ಸಿಗೆ ಏನು ಗೊತ್ತಾಗ್ತದೆ?"

"ಬಸ್ಸಿಗೆ ಗೊತ್ತಾಗಲ್ಲ. ಗಾಳಿಗೆ ಗೊತ್ತಾಯ್ತದೆ."

ಎಲ್ಲರೂ ಸೇರಿ ಮೂಟೆ ಇಳಿಸಿದೆವು. ಪಟಪಟ ಬಡಿಯುತ್ತಿದ್ದ ಟಾರ್ಪಾಲನ್ನು ಸುತ್ತಿಟ್ಟೆವು. ಜನ ಮೂಟೆಗಳ ಮೇಲೆ ಕಾಲು ಮಡಿಚಿ ಕುಳಿತರು. "ಕೊಬ್ಬರಿ ಟಿಕೀಟು ತಗಂಡೈತಾ ಯಜಮಾನ್ರೇ?" ಎಂದು ಯಾರೋ ಚುಚ್ಚಿದರು. ಇನ್ನೊಂದು ದಿನವಾಗಿದ್ದರೆ ಸರಿಯಾದ ಉತ್ತರ ಕೊಡುತ್ತಿದ್ದೆ. ಬಸ್ಸು ಹೊರಟಿತು. ಮುಲುಗಿತು, ತಡವರಿಸಿತು, ಮತ್ತೆ ಎದೆಗೊಟ್ಟು ಓಡಿತು! ಹಿಂದೆ ಕೆಂಪು ಧೂಳು ಎದ್ದು, ಬಾಲದ ತುದಿಯಾಚೆ ಎಲ್ಲೋ ಸುತ್ತಿಕೊಂಡು ಅಲ್ಲೇ ಉಳಿಯುತ್ತಿತ್ತು.

ಅರಸೀಕೆರೆಯ ತೆಂಗಿನ ತೋಟಗಳು ಕಾಣುವಾಗ ರೈಲಿನ ಸಿಳ್ಳೆ ಕೇಳಿಸಿತು. ಬಂದದ್ದೋ, ಹೊರಟದ್ದೋ? ಅಕ್ಕ ಕಿಟಕಿಯ ಕಂಬಿ ಹಿಡಿದುಕೊಂಡಳು.

ರೈಲು ನಿಂತಿತ್ತು. ಕಿಟಕಿಗಳ ತುಂಬ ಖಾಕಿ ಬಟ್ಟೆ. ಅಕ್ಕ ಓಡಲಾರಳು. ನಿಧಾನವಾಗಿ, ನನ್ನ ಕೈ ಹಿಡಿದು ಡಬ್ಬಿಯಿಂದ ಡಬ್ಬಿಗೆ ನೋಡುತ್ತ ನಡೆದಳು. ಎಂಜಿನ್ನಿಗೆ ನೀರು ಸುರಿಯುವ ಸದ್ದು ನಿಂತಿತು. ಆಗ ಹುಡುಗ ಹಿಂದಿನಿಂದ ಓಡಿಬಂದು ಎದುರು ನಿಂತ.

"ಅಮ್ಮಾ! ನೀನು ಹೆಂಗ್ ಬಂದೆ?"

ಅಕ್ಕ ನಕ್ಕಳು. ಹುಡುಗ ಹಳೆಯ ಅಭ್ಯಾಸದಂತೆ ಅವಳ ಹೆಗಲ ಮೇಲಿನ ಸೆರಗನ್ನು ಕೊಡವಿದ. ಏನೂ ಏಳಲಿಲ್ಲ. ಇನ್ನೊಮ್ಮೆ ಕೊಡವಿ ಅಂಗೈ ನೋಡಿಕೊಂಡ. ಭಾವನವರೂ ಹತ್ತಿರ ಬಂದು, ಬಗ್ಗಿ, ಆ ಅಂಗೈಯನ್ನೇ ನೋಡಿದರು. ಗಾರ್ಡು ಸಿಳ್ಳೆ ಊದಿದ. ಹುಡುಗ ಓಡಿ ಹತ್ತಿದ.

ರೈಲು ಮರೆಯಾದ ಮೇಲೆ ಭಾವ ನನ್ನನ್ನು ಪಕ್ಕಕ್ಕೆ ಕರೆದರು. "ವಾಪಸು ಊರಿಗೆ ಹೋಗೋವಾಗ ಗಾಳಿ ಹಿಂದ್ಗಡೆಯಿಂದ ಬತ್ತದೆ. ನಮ್ ಧೂಳು ನಮ್ ಮೇಲೇ ಬೀಳ್ತದೆ. ಬಾಲ ಕೆಲಸಕ್ಕೆ ಬರಲ್ಲ. ಬರೋದಷ್ಟೇ ಯೋಚ್ನೆ ಮಾಡಿದ್ದೆ ಕಣಯ್ಯ, ಹೋಗೋದು ತಲೇಲೇ ಇರಲಿಲ್ಲ."

ನಾನು ಡ್ರೈವರನ ಕಿವಿಯಲ್ಲಿ ಎರಡು ಮಾತು ಹೇಳಿದೆ. ಒಲೆ ಹತ್ತುತ್ತಿಲ್ಲ ಎಂದು ಅವನು ಪ್ರಯಾಣಿಕರಿಗೆ ಸಾರಿದ. ಬೈಗುಳವೆಲ್ಲ ನನಗೆ ಬಂತು. ವ್ಯಾಪಾರದಲ್ಲಿ ಇದಕ್ಕಿಂತ ದೊಡ್ಡ ಸುಳ್ಳಿಗೂ ಅಷ್ಟು ಬೈಸಿಕೊಂಡವನಲ್ಲ. ಇಳಿಹೊತ್ತಿಗೆ ಗಾಳಿ ನಿಂತಿತು. ಒಲೆ, ಆಶ್ಚರ್ಯ, ಕೂಡಲೇ ಹತ್ತಿತು!

ಆ ಸಂಜೆ ನನ್ನ ಬಸ್ಸು ಎತ್ತಿನ ಗಾಡಿಯ ಹೆಜ್ಜೆಯಲ್ಲಿ ಹೋಯಿತು. ನಿಜವಾದ ಎತ್ತಿನ ಗಾಡಿಗಳು ಹಿಂದೆ ಬಂದರೆ ಪಕ್ಕಕ್ಕೆ ನಿಲ್ಲಿಸಿ, ಅವನ್ನು ಮುಂದೆ ಬಿಟ್ಟು, ಅವುಗಳ ಧೂಳು ಅಡಗುವವರೆಗೆ ಕಾಯಿಸಿದೆ. ಅಕ್ಕ ದಿಂಬಿಗೊರಗಿ ನಿದ್ದೆಹೋಗಿದ್ದಳು. ಅವಳ ಮುಖದ ಪಕ್ಕದ ಕೆಂಪು ಎಳೆ ಅತ್ತ ಇತ್ತ ಹಾರದೆ ನೆಟ್ಟಗೆ ಜೋತುಬಿದ್ದಿತ್ತು. ಜಾವಗಲ್ ಬರುವವರೆಗೂ ಅದನ್ನೇ ನೋಡುತ್ತಿದ್ದ ಭಾವ, ಆಮೇಲೆ ಮೊದಲ ಸಲ ಎಳೆಯ ಕಡೆಯಿಂದ ಕಣ್ಣು ತೆಗೆದು ಅಕ್ಕನನ್ನು ನೋಡಿದರು.