ಸಪ್ಪಳ ತಡೆಯುವ ನೌಕರಿ

ಗದ್ದಲ ಬೇಡ ಎಂದ ಜಾಗದಲ್ಲೇ ಗದ್ದಲ ಹುಟ್ಟುತ್ತದೆ, ಅದನ್ನು ತಡೆಯಲು ಇಟ್ಟ ಮನುಷ್ಯನೇ ಅರ್ಧ ಗದ್ದಲ ಮಾಡುತ್ತಾನೆ. ಆ ಮನುಷ್ಯ ನಾನು. ಯುದ್ಧದ ಕಾಲಕ್ಕೆ ಕಾಲೇಜು ಮುಗಿಸಿ ವಿಜಾಪುರದ ಒಂದು ಖಾಸಗಿ ದವಾಖಾನೆಯಲ್ಲಿ ಹಂಗಾಮಿ ಸಹಾಯಕನಾಗಿ ಸೇರಿದ್ದೆ. ಸಪ್ಪಳವಾದರೆ ನಮ್ಮ ಸರ್ಜನ್ನರ ಕೈ ನಡುಗುತ್ತಿತ್ತು.

"ಆಪರೇಶನ್ ಖೋಲಿ ಗಪ್ ಇರಬೇಕು ನೋಡಪಾ. ಮೂರು ತಿಂಗಳು ನೋಡ್ತೀನಿ. ಆಮ್ಯಾಲೆ ಖಾಯಂ, ಇಲ್ಲಂದ್ರ ಮನಿ," ಅಂದಿದ್ದರು.

ಸ್ಟೋವ್

ಮೊದಲ ವೈರಿ ಖೋಲಿಯೊಳಗೇ ಇತ್ತು: ಕತ್ತರಿ, ಚಾಕು ಕುದಿಸುವ ಪಂಪ್ ಸ್ಟೋವ್. ಅದು ಭೋರ್ ಅನ್ನುವಾಗ ಎಲ್ಲರೂ ಕೂಗಿಯೇ ಮಾತಾಡಬೇಕು. ಅದನ್ನು ಹಿತ್ತಲಿಗೆ ಸಾಗಿಸಿದೆ. ಖೋಲಿಯೇನೋ ತಣ್ಣಗಾಯಿತು, ವರ್ಷಗಟ್ಟಲೆ ಕೂಗಿದ ಗಂಟಲು ಕೇಳಬೇಕಲ್ಲ? ಸರ್ಜನ್ನರು ನರ್ಸಬಾಯಿಯ ಕಿವಿಗೆ ಬಾಗಿ, ಗುಟ್ಟು ಅಂತಲೇ ತಿಳಿದು, "ಮಾಮಲೇದಾರರ ಮೂಲವ್ಯಾಧಿಗೆ ಮುಲಾಮು ತಯಾರ್ ಮಾಡ್ರಿ," ಎಂದು ಗುಡುಗಿದರು. ಪಡಸಾಲೆಯಲ್ಲಿ ನಾಲ್ಕು ಮಂದಿಯ ನಡುವೆ ಕೂತಿದ್ದ, ತಾಲೂಕಿಗೇ ದೊಡ್ಡ ಸಾಹೇಬರಾದ ಮಾಮಲೇದಾರರು ಎದ್ದು ನಡೆದೇಬಿಟ್ಟರು. ಕೂಡ್ರುವುದು ಹೇಗೂ ಅವರಿಗೆ ಕಷ್ಟವೇ ಇತ್ತು.

ಕಂಚಗಾರ

ಗೋಡೆಯಾಚೆ ಒಬ್ಬ ಕಂಚಗಾರ ದಿನವಿಡೀ ಕೊಡ ಬಡಿಯುತ್ತಿದ್ದ. "ಒಂದ್ ತಾಸು ನಿಲ್ಸೋ ಮಾರಾಯಾ, ಒಳಗ ಹೊಟ್ಟಿ ಕೊಯ್ಯಾಕತ್ತಾರ," ಎಂದು ಕೈಮುಗಿದೆ. ಒಳ್ಳೆಯ ಮನುಷ್ಯ, ಸುತ್ತಿಗೆ ಕೆಳಗಿಟ್ಟ. ಆಮೇಲೆ ಐದು ನಿಮಿಷಕ್ಕೊಮ್ಮೆ ಕಿಟಕಿಗೆ ಬಂದು, "ಮುಗೀತೇನ್ರಿ? ಶುರು ಮಾಡ್ಲೇನ್ರಿ?" ಎಂದು ಕೇಳಹತ್ತಿದ. ನಾಲ್ಕನೆಯ ಸಲಕ್ಕೆ ಸರ್ಜನ್ನರೇ ಅಂದರು: "ಬಡಿಯಪಾ, ಅದ ಚಲೋ ಇತ್ತು." ನನ್ನ ಕಡೆ ತಿರುಗಿ, "ನಿನಗ ಇನ್ನ ಎಂಟು ದಿನ ಉಳದಾವ," ಅಂದರು.

ಎಣಿಕೆ

ಕಡೆಯ ದಿನ ಬಂದವನು ಘೋಣಸಗಿಯ ರೈತ, ಹರ್ನಿಯಾ. ಕ್ಲೋರೋಫಾರ್ಮ್ ಮೂಸಿಸುವಾಗ ಗಟ್ಟಿಯಾಗಿ ಎಣಿಸಲು ಹೇಳುವುದು ರೂಢಿ. ದನಿ ನಿಂತಿತೆಂದರೆ ನಿದ್ದೆ. ಅವನು ಹದಿನೇಳಕ್ಕೆ ನಿಂತ. ಬಾಗಿಲಿಗೆ ಕಿವಿ ಹಚ್ಚಿದ್ದ ಬಳಗ, "ಹ್ವಾದನಪ್ಪೋ," ಎಂದು ಬಾಯಿ ಬಡಿದುಕೊಂಡು ಬಾಗಿಲು ಗುದ್ದತೊಡಗಿತು. ಸರ್ಜನ್ನರ ಚಾಕು ಗಾಳಿಯಲ್ಲೇ ನಡುಗಿತು.

"ಅವರನ್ನ ಸುಮ್ಮನಿರಸು. ಇಲ್ಲಂದ್ರ ನಾಳಿಂದ ಬರಬ್ಯಾಡ."

ಬೇರೆ ದಾರಿ ಹೊಳೆಯದೆ, ದನಿ ದಪ್ಪ ಮಾಡಿ, "ಹದಿನೆಂಟು... ಹತ್ತೊಂಬತ್ತು..." ಅಂದೆ. ಹೊರಗೆ ಗಪ್. ಉಸಿರಿಗೆಂದು ನಿಂತರೆ ಮತ್ತೆ ಅಳು. ಎಣಿಸುತ್ತಲೇ ಹೋದೆ. ತಾಳಕ್ಕೆ ಸಿಕ್ಕಂತೆ ಸರ್ಜನ್ನರ ಚಾಕು ಓಡಿತು, ಆಮೇಲೆ ಸೂಜಿ ಓಡಿತು, ಕೈ ನಡುಗಲೇ ಇಲ್ಲ. ಸಾವಿರದ ನಾನೂರಾ ಹನ್ನೆರಡಕ್ಕೆ ಹೊಲಿಗೆ ಮುಗಿಯಿತು.

"ನಾಳಿಂದ ನೀ ಖಾಯಂ," ಅಂದರು ಸರ್ಜನ್ನರು. "ಎಣಸಾಕ."

ಹೊರಗೆ ಬಂದೆವು. ರೈತನ ಹೆಂಡತಿ ಸರ್ಜನ್ನರ ಕಾಲಿಗೆ ಬಿದ್ದಳು.

"ನಮ್ಮನಿಯವರಿಗೆ ಇಪ್ಪತ್ತರ ಮುಂದ ಎಣಿಕಿ ಬರ್ತಿದ್ದಿಲ್ರಿ ಸಾಹೇಬ್ರ. ಒಂದ ತಾಸಿನ್ಯಾಗ ಸಾವಿರ ದಾಟಿಸಿಬಿಟ್ರಿ. ನನ್ನ ತಮ್ಮ ಮುಲ್ಕಿ ಪರೀಕ್ಷಾದಾಗ ಲೆಕ್ಕದಾಗ ಮೂರು ಸಲ ನಪಾಸ ಆಗ್ಯಾನ. ಅವನ ಹೊಟ್ಟೀನೂ ಒಂದೀಟು ಕೊಯ್ದು ಕೊಡ್ರಿ."