ಅಜ್ಜಿ ಸತ್ತ ರಜೆ

ಅಗಾನ್ ತನ್ನ ಅಜ್ಜಿಯನ್ನು ಸಾಯಿಸಿದ್ದು ದ್ವೇಷದಿಂದಲ್ಲ, ರಜೆಗಾಗಿ.

ಕೌಲಾಲಂಪುರದ ದೊಡ್ಡ ಹೋಟೆಲೊಂದರ ಬಾಗಿಲಲ್ಲಿ ಉದ್ದ ಕೋಟು, ಎತ್ತರದ ಟೊಪ್ಪಿ ಹಾಕಿಕೊಂಡು ನಿಲ್ಲುವುದು ಅವನ ಕೆಲಸ. ಕಾರು ಬಂದರೆ ಕಾರಿನ ಬಾಗಿಲು ತೆಗೆಯಬೇಕು, ಇಳಿದವರು ನಡೆದು ಬಂದರೆ ಹೋಟೆಲಿನ ಬಾಗಿಲು ತೆಗೆಯಬೇಕು. ಊರಾದ ಬಾರಿಯೋದಲ್ಲಿ, ಸರವಾಕ್‌ನ ಬೆಟ್ಟಗಳ ನಡುವೆ, ಹೆಂಡತಿ ಸುಪಾಂಗ್ ಚೊಚ್ಚಲ ಮಗುವನ್ನು ಹೆತ್ತಿದ್ದಳು. ಮೊದಲ ಮಗು ಹುಟ್ಟಿದ ಮೇಲೆ ಅಲ್ಲಿನ ಕೆಲಾಬಿತ್ ಜನ ಹಳೆಯ ಹೆಸರು ಬಿಟ್ಟು ಹೊಸದು ಇಟ್ಟುಕೊಳ್ಳುತ್ತಾರೆ. ಊರಿಗೆಲ್ಲ ಊಟ ಹಾಕುತ್ತಾರೆ. ಅದಕ್ಕೆಂದು ರಜೆ ಕೇಳಲು ಹೋದರೆ ಆಫೀಸಿನ ರೋಸ್ನಾ ಕನ್ನಡಕದ ಮೇಲಿನಿಂದ ನೋಡಿದಳು.

"ಹೆಸರು ಬದಲಾಯಿಸೋಕೆ ಅಷ್ಟು ದಿನ ರಜೆನಾ? ನನ್ನ ತಂಗಿ ವಕೀಲರ ಹತ್ರ ಹೋಗಿ ಊಟದ ಹೊತ್ತಿಗೆಲ್ಲ ಬದಲಾಯಿಸ್ಕೊಂಡು ಬಂದ್ಲು. ಸ್ಕೂಲ್ ರಜ ಬೇರೆ, ಹೋಟೆಲು ತುಂಬಿ ಚೆಲ್ತಾ ಇದೆ. ಆಗಲ್ಲ ಹೋಗು."

"ಅಲ್ಲ ಮೇಡಂ, ಇನ್ನೊಂದು ವಿಷಯ..." ಎಂದ ಅಗಾನ್. ಆ ಇನ್ನೊಂದು ವಿಷಯ ಏನೆಂದು ಅವನಿಗೂ ಗೊತ್ತಿರಲಿಲ್ಲ. ನಾಲಿಗೆಗೆ ಗೊತ್ತಿತ್ತು. "ನಮ್ಮಜ್ಜಿ ತೀರ್ಕೊಂಡ್ಬಿಟ್ರು. ಸಾಕಿದ ಅಜ್ಜಿ."

ರೋಸ್ನಾಳ ಕಣ್ಣು ತುಂಬಿ ಬಂತು. ರಜೆ ಸಿಕ್ಕಿತು.

ಆ ಹೊತ್ತಿನಲ್ಲಿ ದಾಯಾಂಗಜ್ಜಿ ಬಾರಿಯೋದಲ್ಲಿ ಲಂಗ ಎತ್ತಿ ಕಟ್ಟಿಕೊಂಡು ತಪ್ಪಿಸಿಕೊಂಡ ಹಂದಿಯೊಂದನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಳು. ಹಂದಿ ಸೋತಿತು. ಅವಳ ಕೈಯಲ್ಲಿ ಎಲ್ಲರೂ ಸೋತವರೇ. ಅಗಾನ್ ಊರು ಬಿಟ್ಟು ರಾಜಧಾನಿ ಸೇರಿದ್ದೇ ಅವಳ ಅಪ್ಪಣೆಗಳಿಂದ ತಪ್ಪಿಸಿಕೊಳ್ಳಲು. "ಅಲ್ಲಿ ಏನು ಕೆಲಸ?" ಎಂದು ಅಜ್ಜಿ ಫೋನಿನಲ್ಲಿ ಕೇಳಿದಾಗ ಅವನು, "ನಾನು ದಾರಿ ಬಿಡದೆ ಇದ್ರೆ ಒಬ್ಬನೂ ಹೋಟೆಲಿನೊಳಗೆ ಕಾಲಿಡೋ ಹಾಗಿಲ್ಲ ಅಜ್ಜಿ" ಎಂದಿದ್ದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಮಾತು ಅಜ್ಜಿಯಿಂದ ಲಿಯಾನ್ ಮಾವನಿಗೆ, ಲಿಯಾನ್ ಮಾವನಿಂದ ಊರಿಗೆ ಹೋಗುವಷ್ಟರಲ್ಲಿ ಅಗಾನ್ ಹೋಟೆಲಿನ ಮ್ಯಾನೇಜರ್ ಆಗಿದ್ದ. ತಿದ್ದೋಣವೆಂದು ಅವನಿಗೆ ಆಗಾಗ ಅನ್ನಿಸುತ್ತಿತ್ತು. ಅನ್ನಿಸಿದಾಗಲೆಲ್ಲ ಯಾರಾದರೂ ಕಾರಿನಲ್ಲಿ ಬಂದುಬಿಡುತ್ತಿದ್ದರು.

ಹೀಗೆ ಊರಿಗೊಂದು ಸುಳ್ಳು, ಹೋಟೆಲಿಗೊಂದು ಸುಳ್ಳು. ನಡುವೆ ಇಡೀ ದಕ್ಷಿಣ ಚೀನಾ ಸಮುದ್ರವೇ ಇದ್ದುದರಿಂದ ಎರಡೂ ಸುಖವಾಗಿದ್ದವು.

ಅವೆರಡೂ ಎದುರುಬದುರಾದದ್ದು ಸರವಾಕ್‌ನ ಮೀರಿ ಪಟ್ಟಣದ ವಿಮಾನ ನಿಲ್ದಾಣದಲ್ಲಿ. ಬಾರಿಯೋಗೆ ಹೋಗುವ ಪುಟ್ಟ ವಿಮಾನ ಹತ್ತಬೇಕಾದರೆ ಚೀಲದ ಜೊತೆ ಮನುಷ್ಯರನ್ನೂ ತೂಗುತ್ತಾರೆ. ಬೆಳಿಗ್ಗೆ ಅಗಾನ್ ಮಗುವಿಗೆಂದು ಕೊಂಡ ನೀಲಿ ಪ್ಲಾಸ್ಟಿಕ್ ಸ್ನಾನದ ಟಬ್ಬನ್ನು ಕಂಕುಳಲ್ಲಿಟ್ಟುಕೊಂಡು ಸಾಲಿನಲ್ಲಿ ನಿಂತಿದ್ದ. ತಕ್ಕಡಿಯ ಮೇಲೆ, ಬೆಟ್ಟ ಹತ್ತುವ ಬೂಟು ಹಾಕಿಕೊಂಡು, ನಗುನಗುತ್ತ ನಿಂತಿದ್ದವಳು ಮೇಡಂ ಯಾಪ್. ಹೋಟೆಲಿನ ಜನರಲ್ ಮ್ಯಾನೇಜರ್. ನಿಜವಾದ ಮ್ಯಾನೇಜರ್.

ಅಗಾನ್ ಹಿಂದುಮುಂದು ನೋಡದೆ ಟಬ್ಬನ್ನು ತಲೆಯ ಮೇಲೆ ಬೋರಲು ಹಾಕಿಕೊಂಡ.

"ಏನಪ್ಪಾ ಇದು?" ಎಂದ ತೂಗುವವನು.

"ವಿಮಾನ ಅಂದ್ರೆ ಭಯ. ಹೊರಗಿಂದು ಏನೂ ಕಾಣಬಾರದು."

"ಸರಿ, ಹಾಗೇ ಹತ್ತು. ಟಬ್ಬಿನ ತೂಕಾನೂ ಸೇರ್ತು."

ವಿಮಾನದಲ್ಲಿ ಅವನ ಹಿಂದಿನ ಸೀಟೇ ಮೇಡಂದು. ಅವಳಿಗೆ ಪಾಪ ಅನ್ನಿಸಿರಬೇಕು. ಟಬ್ಬಿನ ಅಡಿಯಿಂದ ಒಂದು ಕೈ ತೂರಿ ಬಂದು ತಲೆಸುತ್ತಿಗೆ ಹಚ್ಚುವ ಹಸಿರು ತೈಲದ ಸೀಸೆಯನ್ನು ಅವನ ಮೂಗಿಗೆ ಹಿಡಿಯಿತು. "ಉಸಿರು ಎಳ್ಕೋ, ಎಳ್ಕೋ" ಎಂದು ದಾರಿಯುದ್ದಕ್ಕೂ ಸಮಾಧಾನ ಮಾಡಿದಳು. ಮುಚ್ಚಿದ ಟಬ್ಬಿನೊಳಗೆ ಆ ಘಾಟಿಗೆ ಅಗಾನ್ ಬಾರಿಯೋ ತಲುಪುವ ತನಕ ಅತ್ತ. ಅಜ್ಜಿ ಸತ್ತವನು ಅಳಬೇಕಾದಷ್ಟನ್ನೂ ಅಲ್ಲೇ ಅತ್ತು ಮುಗಿಸಿದ.

ಇಳಿದ ಕೂಡಲೇ ಅವನು ಓಡಿದ್ದು ಲಿಯಾನ್ ಮಾವನ ಜೀಪಿನ ಹಿಂಭಾಗಕ್ಕೆ. ಈರುಳ್ಳಿ ಮೂಟೆಗಳ ನಡುವೆ ಮಲಗಿ ಟಾರ್ಪಾಲು ಎಳೆದುಕೊಂಡ.

"ಮ್ಯಾನೇಜರ್! ಎಲ್ಲಿ ನಮ್ಮ ಮ್ಯಾನೇಜರ್?" ಎಂದು ಲಿಯಾನ್ ಮಾವ ಕೂಗುವುದು ಕೇಳಿಸಿತು. ಊರಿನ ಸಮಾರಂಭಗಳಲ್ಲೆಲ್ಲ ಮೈಕು ಹಿಡಿಯುವ ಮನುಷ್ಯ. ಮೈಕು ಇಲ್ಲದಿದ್ದರೂ ಅದೇ ಗಂಟಲು.

"ನಾನೇ. ನಿಮಗೆ ಹೇಗೆ ಗೊತ್ತಾಯ್ತು?" ಎಂದಿತು ಮೇಡಂನ ದನಿ.

"ನೀವಲ್ಲ ಬಿಡಿಯಮ್ಮ, ನಮ್ಮೋರೊಬ್ಬರು ಇದಾರೆ. ಇನ್ಯಾರ ಗಾಡೀಲೋ ಹೋಗಿರಬೇಕು. ನೀವು ಎಲ್ಲಿಗೆ?"

"ಒಬ್ಬ ಹುಡುಗನ್ನ ನೋಡ್ಬೇಕಿತ್ತು. ಅಗಾನ್ ಅಂತ."

ಲಿಯಾನ್ ಮಾವ ಗಾಬರಿಯಿಂದ ದನಿ ತಗ್ಗಿಸಿದ. ಹಳೆಯ ಹೆಸರನ್ನು ಇವತ್ತು ಯಾರ ಬಾಯಲ್ಲಿ ಕೇಳಿದರೂ ಔತಣದ ಪಾತ್ರೆಗಳನ್ನೆಲ್ಲ ಅವರೇ ತೊಳೆಯಬೇಕೆಂದು ದಾಯಾಂಗಜ್ಜಿ ಬೆಳಿಗ್ಗೆಯೇ ಸಾರಿದ್ದಳು.

"ಶ್! ಆ ಹೆಸರು ಎತ್ತಬೇಡಿ. ಆ ಹೆಸರಿನವನು ಇನ್ನಿಲ್ಲ."

"ಇನ್ನಿಲ್ವಾ?! ಯಾವಾಗ?"

"ಇವತ್ತು ಬೆಳಿಗ್ಗೆಯಿಂದ."

"ಅಯ್ಯೋ ದೇವರೇ! ಏನಾಯ್ತು?"

"ಮಗು ಆಯ್ತಲ್ಲಮ್ಮ, ಅದಕ್ಕೇ."

"ಮಗು ಆಗಿದ್ದಕ್ಕೆ... ಗಂಡಸಿಗಾ?"

"ಎಲ್ಲರಿಗೂ ಆಗೋದೇ. ನನಗೂ ಆಗಿತ್ತು. ಬನ್ನಿ ಹತ್ತಿ, ಊಟಕ್ಕೆ ಹೊತ್ತಾಯ್ತು."

ಟಾರ್ಪಾಲಿನಡಿ ತನ್ನ ಸಾವಿನ ಸುದ್ದಿ ಕೇಳಿ ಅಗಾನ್‌ಗೆ ಹಾಯೆನಿಸಿತು. ಸತ್ತವನನ್ನು ಯಾರೂ ಹುಡುಕುವುದಿಲ್ಲ. ನಾಳಿನ ವಿಮಾನಕ್ಕೆ ಮೇಡಂ ಹೊರಟರೆ ಸಾಕು, ಸೋಮವಾರ ಕೆಲಸಕ್ಕೆ ಹೋದಾಗ ಬದುಕಿದರಾಯಿತು.

ಜೀಪು ನಿಂತೊಡನೆ, ಒಂದೇ ಸೂರಿನಡಿಯ ಉದ್ದನೆಯ ಮನೆಸಾಲಿನ ಹಿಂಬದಿಯಿಂದ ಅವನು ಅಡುಗೆಮನೆಗೆ ನುಗ್ಗಿದ. ಹೊಗೆಯ ನಡುವೆ ಮಣಿಯ ಟೊಪ್ಪಿಗೆ ಇಟ್ಟುಕೊಂಡು, ಜೋತ ಕಿವಿಯ ಹಿತ್ತಾಳೆ ಬಳೆಗಳು ಭುಜಕ್ಕೆ ಬಡಿಯುತ್ತಿರಲು, ದಾಯಾಂಗಜ್ಜಿ ಒಮ್ಮೆಗೇ ಆರು ಒಲೆಗಳನ್ನು ಬೈಯುತ್ತಿದ್ದಳು.

"ಬಂದ್ಯಾ? ಕಣ್ಣೆಲ್ಲ ಕೆಂಪಗಿದೆ, ಕುಡಿದಿದ್ದೀಯಾ?"

"ಇಲ್ಲ ಅಜ್ಜಿ. ಒಂದು ಮಾತು. ಇವತ್ತೊಂದು ದಿನ ನೀನು ಒಳಗಡೆ... ಸುಮ್ನೆ ಮಲಗಿರ್ತೀಯಾ?"

"ಮಲಗೋದಾ? ಯಾಕೆ, ಸತ್ತಿದ್ದೀನಾ ನಾನು?"

ಅಜ್ಜಿ ಅವನ ಕೈಗೆ ಮಾಂಸದ ಕೊಪ್ಪರಿಗೆಯ ಒಂದು ಕಡೆಯ ಹಿಡಿಕೆ ಕೊಟ್ಟು, "ಎತ್ತು" ಎಂದಳು. ಎತ್ತಿದ.

ಅತ್ತ ಉದ್ದನೆಯ ಪಡಸಾಲೆಯಲ್ಲಿ ಮೇಡಂ ಯಾಪ್ ಸುಪಾಂಗ್‌ಳ ಪಕ್ಕ ಚಾಪೆಯ ಮೇಲೆ ಕೂತು ಅವಳ ಕೈಹಿಡಿದುಕೊಂಡಿದ್ದಳು. ಊರಿಗೆ ಊರೇ ನಗುತ್ತ, ತಿನ್ನುತ್ತ, ಗಿಟಾರು ಬಾರಿಸುತ್ತ ಇರುವುದನ್ನು ಕಂಡು, ಸತ್ತವರನ್ನೂ ಇಷ್ಟು ದೊಡ್ಡ ಮನಸ್ಸಿನಿಂದ ಕಳುಹಿಸಿಕೊಡುವ ಜನ ಎಂದು ಅವಳು ಬೆರಗಾಗಿದ್ದಳು. ಅಗಾನ್ ಬಿದಿರಿನ ಗೋಡೆಯ ಸಂದಿಗೆ ಕಿವಿಗೊಟ್ಟ.

"ಧೈರ್ಯ ತಂದ್ಕೋ ಮಗಳೇ. ಪುಟ್ಟ ಮಗು ಬೇರೆ."

"ಹೌದು ಮೇಡಂ, ರಾತ್ರಿ ಎಲ್ಲಾ ನಿದ್ದೆನೇ ಇಲ್ಲ."

"ತುಂಬಾ ಒಳ್ಳೆಯವನು ನಿನ್ನ ಗಂಡ."

"ಒಳ್ಳೆಯವನೇ. ಬಟ್ಟೆ ಮಾತ್ರ ಒಂದು ದಿನಾನೂ ಒಗೆದವನಲ್ಲ."

"ಹೋದವನು ಮತ್ತೆ ಬರಲ್ಲ, ನಾವೇ ಮನಸ್ಸು ಗಟ್ಟಿ ಮಾಡ್ಕೋಬೇಕು."

"ಬರ್ತಾನೆ ಮೇಡಂ," ಎಂದಳು ಸುಪಾಂಗ್, ಮಗುವಿನ ಮೂಗು ಒರೆಸುತ್ತ. "ಊಟದ ಹೊತ್ತಿಗೆ ಸರಿಯಾಗಿ ಬರ್ತಾನೆ ನೋಡ್ತಾ ಇರಿ."

ಸತ್ತವನು ಊಟಕ್ಕೆ ಬರುವುದೆಂದರೆ! ಮೇಡಂ ಮೆಲ್ಲಗೆ ಎದ್ದು ಜನ ಹೆಚ್ಚಿರುವ ಕಡೆ ಸರಿದಳು. ಅಲ್ಲಿ ಅಜ್ಜಿಯ ಕಣ್ಣಿಗೆ ಬಿದ್ದಳು.

"ಕೈ ಖಾಲಿ ಇದೆಯಲ್ಲ, ಬಾ ಇಲ್ಲಿ. ಈ ಎಲೆ ಅನ್ನದ ಪೊಟ್ಟಣ ಹಂಚು. ಮಕ್ಕಳಿಗೆ ಮೊದಲು. ಆ ಮೀಸೆಯವನಿಗೆ ಕೊಡಬೇಡ, ಎರಡು ಸಲ ಇಸ್ಕೊಂಡಿದಾನೆ."

ಮೇಡಂ ಯಾಪ್ ಹಂಚಿದಳು. ಹಂಚುತ್ತ ಹಂಚುತ್ತ ನೋಡಿದಳು: ಊರ ಮುಖ್ಯಸ್ಥ ಟೀ ಹೊತ್ತು ತರುತ್ತಿದ್ದಾನೆ, ಪಾದ್ರಿ ಅನಾನಸು ಹೆಚ್ಚುತ್ತಿದ್ದಾನೆ, ಸುತ್ತಲಿನ ಹಳ್ಳಿಗಳಿಂದ ಬಂದ ನೂರಾರು ಜನರಲ್ಲಿ ಯಾರಿಗೂ ಊಟ ತಡವಾಗಿಲ್ಲ, ಯಾರದೂ ತಣ್ಣಗಾಗಿಲ್ಲ. ಎಲ್ಲದರ ನಡುವೆ ಮಣಿಟೊಪ್ಪಿಗೆಯ ಮುದುಕಿ ನಿಂತಲ್ಲೇ ನಿಂತು ಬೆರಳು ತೋರಿಸುತ್ತಿದ್ದಾಳೆ. ಮೇಡಂ ಆ ಮುದುಕಿಯನ್ನು ಮೂಲೆಗೆ ಕರೆದೊಯ್ದು ಬಹಳ ಹೊತ್ತು ಮಾತನಾಡುವುದು ಅಗಾನ್‌ಗೆ ಸಂದಿಯಿಂದ ಕಂಡಿತು. ಕಂಡಿತು ಅಷ್ಟೇ, ಕೇಳಿಸಲಿಲ್ಲ.

ಅಷ್ಟರಲ್ಲಿ ನಾಲ್ಕು ಜನ ಬಂದು ಹೆಸರಿನ ಶಾಸ್ತ್ರಕ್ಕೆಂದು ಅವನನ್ನು ಹಿಡಿದುಕೊಂಡರು. ಚಿರತೆ ಚರ್ಮದ ಅಂಗಿ, ಹಕ್ಕಿಗರಿಯ ಟೊಪ್ಪಿ ತೊಡಿಸಿದರು. ಗರಿ ಹುಬ್ಬಿನ ತನಕ ಇಳಿದುಬಂದದ್ದೇ ಅವನಿಗೆ ಜೀವ ಬಂದ ಹಾಗಾಯಿತು. ಹೋಟೆಲಿನಲ್ಲೂ ಮೇಡಂ ಅವನನ್ನು ದೊಡ್ಡ ಟೊಪ್ಪಿಯ ಕೆಳಗೆ ನೋಡಿದ್ದವಳು. ಇದು ಬೇರೆ ಟೊಪ್ಪಿ, ಬೇರೆ ಮನುಷ್ಯ.

ವೇದಿಕೆಯ ಮೇಲೆ ಅವನ ಪಕ್ಕದ ಕುರ್ಚಿಯಲ್ಲಿ, ದೂರದಿಂದ ಬಂದ ಅತಿಥಿಯೆಂದು, ಮೇಡಂ ಯಾಪ್‌ಳನ್ನು ಕೂರಿಸಿದರು.

"ಇವತ್ತಿನಿಂದ ಇವನ ಹೆಸರು ಮರಾನ್ ರಾಯಾ!" ಎಂದು ಲಿಯಾನ್ ಮಾವ ಮೈಕಿನಲ್ಲಿ ಗುಡುಗಿದ. ಜನ ಕೇಕೆ ಹಾಕಿದರು. ಮೇಡಂ ಕೂಡ ಚಪ್ಪಾಳೆ ತಟ್ಟಿದಳು. ಆಮೇಲೆ ಅವನ ಕಡೆ ಬಾಗಿ ನಿಟ್ಟುಸಿರಿಟ್ಟಳು.

"ಒಳ್ಳೆ ಹೆಸರು, ಮರಾನ್ ರಾಯಾ. ನಿಮ್ಮೂರಿನ ಅಗಾನ್ ನಿಮಗೆ ಗೊತ್ತಿದ್ದನಾ?"

"ಸ್ವಲ್ಪ," ಎಂದ ಅಗಾನ್, ಬಾಯಿಯ ಮೂಲೆಯಿಂದ.

"ನಮ್ಮ ಹೋಟೆಲಿನ ಬಾಗಿಲಲ್ಲಿದ್ದ. ಅಜ್ಜಿ ತೀರ್ಕೊಂಡ್ರು ಅಂತ ಬಂದ, ಬಂದೋನು ತಾನೂ ಹೋಗ್ಬಿಟ್ಟ. ನಾನು ಬಂದಿದ್ದು ಮಾತಾಡಿಸಿ ಸಮಾಧಾನ ಮಾಡೋಣ ಅಂತ. ಜೊತೆಗೆ ಒಂದು ಒಳ್ಳೆ ಸುದ್ದಿನೂ ಇತ್ತು. ನಮ್ಮ ಕಂಪನಿ ಇಲ್ಲೇ ಬಾರಿಯೋದಲ್ಲಿ ಒಂದು ಲಾಡ್ಜ್ ಕಟ್ತಾ ಇದೆ. ಅದಕ್ಕೆ ಅವನನ್ನೇ ಮ್ಯಾನೇಜರ್ ಮಾಡ್ಬೇಕು ಅಂತಿದ್ದೆ."

ಅಗಾನ್‌ನ ಕಿವಿಯಲ್ಲಿ ಗಂಟೆ ಬಾರಿಸಿದ ಹಾಗಾಯಿತು. ಮ್ಯಾನೇಜರ್! ಊರಿನವರ ಬಾಯಲ್ಲಿ ಸುಮ್ಮನೆ ಓಡಾಡುತ್ತಿದ್ದ ಸುಳ್ಳು ಈಗ ಸಂಬಳ ಸಮೇತ ಬಂದು ಪಕ್ಕದ ಕುರ್ಚಿಯಲ್ಲಿ ಕೂತಿತ್ತು. ಅವನು ಗರಿಟೊಪ್ಪಿಯನ್ನು ಕಿತ್ತೆಸೆದು ಎದ್ದು ನಿಂತ.

"ಮೇಡಂ, ನಾನೇ ಅಗಾನ್!"

"ಹಳೇ ಹೆಸರು ಹೇಳ್ದ! ಪಾತ್ರೆ ಇವನೇ ತೊಳೀಬೇಕು!" ಎಂದು ಮೈಕು ಕಿರುಚಿತು. ಪಡಸಾಲೆಯೆಲ್ಲ ನಗೆಯಿಂದ ನಡುಗಿತು.

ಮೇಡಂ ಅವನನ್ನು ಮೇಲಿಂದ ಕೆಳಗೆ ನೋಡಿದಳು. ನಂಬಲಿಲ್ಲ. ಅಗಾನ್ ನೆಟ್ಟಗೆ ನಿಂತು, ಎಡಗೈ ಬೆನ್ನ ಹಿಂದಿಟ್ಟು, ಇಲ್ಲದ ಬಾಗಿಲೊಂದನ್ನು ಬಲಗೈಯಿಂದ ತೆಗೆದು, "ಶುಭೋದಯ ಮೇಡಂ, ಒಳಗೆ ಬನ್ನಿ" ಎಂದ.

"ಅಗಾನ್!" ಎಂದು ಚೀರಿದಳು ಮೇಡಂ. "ಬದುಕಿದ್ದೀಯಾ?"

"ಇದ್ದೀನಿ ಮೇಡಂ. ಹೆಸರು ಮಾತ್ರ ಹೋಯ್ತು, ಅದು ನಮ್ಮ ಪದ್ಧತಿ."

"ಹಾಗಾದ್ರೆ ನಿಮ್ಮಜ್ಜಿ?"

ನಿಜ ಹೇಳಲು ಅದೇ ಸರಿಯಾದ ಗಳಿಗೆ. ಆದರೆ ಸುಳ್ಳು ಹೇಳಿ ರಜೆ ತೆಗೆದುಕೊಂಡವನಿಗೆ ಮ್ಯಾನೇಜರ್ ಕುರ್ಚಿ ಯಾರು ಕೊಡುತ್ತಾರೆ? ಅಗಾನ್ ತಲೆ ತಗ್ಗಿಸಿದ.

"ಅಜ್ಜಿ ಮಾತ್ರ ನಿಜವಾಗ್ಲೂ ಹೋದ್ರು ಮೇಡಂ. ಆ ಕೆಲಸ ಸಿಕ್ಕಿದ್ರೆ ಅವರ ಆತ್ಮಕ್ಕೆ ಶಾಂತಿ ಸಿಗುತ್ತೆ."

ಮೇಡಂ ಅವನ ಭುಜ ಮುಟ್ಟಿದಳು. "ಪಾಪ. ಆದ್ರೆ ಏನು ಮಾಡ್ಲಿ ಮಗು, ನೀನು ಸತ್ತಿದ್ದೀಯ ಅಂತ ಆ ಕೆಲಸ ಈಗ ತಾನೇ ಬೇರೆಯವರಿಗೆ ಕೊಟ್ಟೆ. ಕೈ ಕುಲುಕಿ ಮಾತೂ ಕೊಟ್ಟಾಯ್ತು. ಇಷ್ಟು ವರ್ಷ ಹೋಟೆಲಲ್ಲಿ ಕಳೆದಿದ್ದೀನಿ, ಅಂಥೋರನ್ನ ನೋಡಿಲ್ಲ. ಬಾ, ಪರಿಚಯ ಮಾಡಿಸ್ತೀನಿ. ಅಗೋ, ಅವರೇ ಬರ್ತಾ ಇದಾರೆ."

ಮಣಿಟೊಪ್ಪಿಗೆ ಗುಂಪನ್ನು ಸೀಳಿಕೊಂಡು ಬಂತು. ಕೈಯಲ್ಲಿ ಪಾತ್ರೆ ಉಜ್ಜುವ ತೆಂಗಿನ ನಾರು.

"ಬಾರೋ ಮೊಮ್ಮಗನೇ," ಎಂದಳು ದಾಯಾಂಗಜ್ಜಿ. "ಪಾತ್ರೆ ಕಾಯ್ತಾ ಇವೆ."

ಗಿಟಾರು ನಿಂತಿತು. ಮೇಡಂ ಯಾಪ್ ಅಜ್ಜಿಯನ್ನು ನೋಡಿದಳು, ಅಗಾನ್‌ನನ್ನು ನೋಡಿದಳು, ಮತ್ತೆ ಅಜ್ಜಿಯನ್ನು ನೋಡಿದಳು.

"ಎಷ್ಟು ಜನ ಅಜ್ಜಿಯರು ನಿನಗೆ?"

"ಸಾಕಿದ್ದು ಒಬ್ಬಳೇ," ಎಂದಳು ಅಜ್ಜಿ. "ನಾನೇ. ಯಾಕೆ?"

ಮೇಡಂ ಯಾಕೆಂದು ಹೇಳಿದಳು. ಮೊದಲಿನಿಂದ ಕೊನೆಯ ತನಕ, ಬಾಗಿಲು, ಟೊಪ್ಪಿ, ರಜೆ, ಸಾವು, ಒಂದನ್ನೂ ಬಿಡದೆ. ಲಿಯಾನ್ ಮಾವ ಮೈಕನ್ನು ಸದ್ದಿಲ್ಲದೆ ಅವಳ ಬಾಯಿಗೆ ಹಿಡಿದಿದ್ದ. ಗದ್ದೆಯಲ್ಲಿದ್ದ ಎಮ್ಮೆಗಳಿಗೂ ಕೇಳಿಸಿತು. ಅಗಾನ್ ನೆಲ ನೋಡುತ್ತ ನಿಂತಿದ್ದ. ಅಜ್ಜಿ ಬೈಯುತ್ತಾಳೆಂದು ಕಾದ. ಅವಳು ಬೈಯಲಿಲ್ಲ, ಅದರಿಂದ ಇನ್ನೂ ಭಯವಾಯಿತು.

"ಇವನನ್ನ ಕೆಲಸದಿಂದ ತೆಗೀಬೇಕಾಗುತ್ತೆ," ಎಂದಳು ಮೇಡಂ, ಬೇಸರದಿಂದಲೇ.

"ತೆಗೀಬೇಡ," ಎಂದಳು ಅಜ್ಜಿ. "ಲಾಡ್ಜಿಗೆ ಜನ ನಾನೇ ಆರಿಸ್ಕೋಬಹುದು ಅಂದ್ಯಲ್ಲ?"

"ಹೌದು, ನೀವೇ ಮ್ಯಾನೇಜರ್."

"ಹಾಗಾದ್ರೆ ಇವನನ್ನ ನನಗೆ ಕೊಟ್ಬಿಡು."

ಮೇಡಂ ಕೊಟ್ಟುಬಿಟ್ಟಳು. ಅಗಾನ್‌ನ ಎದೆಯಲ್ಲಿ ಸಣ್ಣದೊಂದು ಆಸೆ ಮಿಣುಕಿತು. ಮ್ಯಾನೇಜರ್ ಅಲ್ಲದಿದ್ದರೆ ಉಪಮ್ಯಾನೇಜರ್? ರಕ್ತಸಂಬಂಧ ಎಂಬುದೊಂದು ಇದೆಯಲ್ಲ.

"ನಾನು ಏನು ಕೆಲಸ ಮಾಡ್ಲಿ ಅಜ್ಜಿ?"

ದಾಯಾಂಗಜ್ಜಿ ತೆಂಗಿನ ನಾರನ್ನು ಅವನ ಅಂಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.

"ನಿನಗೆ ಗೊತ್ತಿರೋದೇ ಮಾಡು, ಬಾಗಿಲಲ್ಲಿ ನಿಲ್ಲು. ಆದ್ರೆ ಬಾಗಿಲಿಗೆ ಮರ ಇನ್ನೂ ಕಾಡಲ್ಲಿದೆ. ನಾಳೆ ಬೆಳಿಗ್ಗೆ ಎದ್ದು ಹೊತ್ಕೊಂಡು ಬಾ."