ಗಿರಣಿಗೆ ಹೋದ ಲ್ಯಾಪ್‌ಟಾಪು

ಮೊದಲೇ ಹೇಳಿಬಿಡುತ್ತೇನೆ: ಈ ಪ್ರಕರಣದಲ್ಲಿ ಲ್ಯಾಪ್‌ಟಾಪಿನ ತಪ್ಪೇನೂ ಇಲ್ಲ. ಅಂಗಡಿಯವನದೂ ಇಲ್ಲ. ಅಪ್ಪನದು ಅರ್ಧ ಇದ್ದರೂ, ಹೆತ್ತವರ ಮರ್ಯಾದೆಗಾಗಿ ಅದನ್ನೂ ನಾನೇ ಹೊತ್ತುಕೊಂಡಿದ್ದೇನೆ. ನಮ್ಮ ಮನೆಯೊಳಗೆ ಫೋನಿನ ಸಿಗ್ನಲ್ ಬರುವುದಿಲ್ಲ ಎಂಬುದು ಮನೆಯ ಬೆಕ್ಕಿಗೂ ಗೊತ್ತು. ಹುಬ್ಬಳ್ಳಿಯ ಅಂಗಡಿಯಲ್ಲಿ ನಿಂತಾಗ ನನಗೊಬ್ಬನಿಗೇ ಗೊತ್ತಿರಲಿಲ್ಲ!

ನಮ್ಮದು ಹಳಿಯಾಳಕ್ಕೂ ದಾಂಡೇಲಿಗೂ ನಡುವಿನ ಸಣ್ಣ ಊರು. ಅಲ್ಲಿ ನನ್ನ ಕಸುಬು ಬೇರೆಯವರ ದನಿ ಕದಿಯುವುದು. ಬಸ್ ಕಂಡಕ್ಟರ್, ಗ್ರಾಮಸಭೆಯ ಭಾಷಣಕಾರ, ಚಳಿಗಾಲದ ಬೆಳಗ್ಗೆ ಕೆಮ್ಮುವ ಟ್ರ್ಯಾಕ್ಟರ್, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಎಲ್ಲರಿಗಿಂತ ದೊಡ್ಡ ಕೋಣೆ ಪಕ್ಕದ ಓಣಿಯ ಗಂಗವ್ವಾಯಿಯದು. ಆಕೆ ಬಾಯಿ ತೆರೆದರೆ ಕಾಗೆಗಳೂ ಮಾತು ನಿಲ್ಲಿಸಿ ಕೇಳುತ್ತವೆ. ಒಮ್ಮೆ ಮೊಬೈಲಿನಲ್ಲಿ ಕಾರು ರೇಸಿನ ಗೇಮ್ ಆಡುತ್ತ, ಅವಳ ದನಿಯಲ್ಲಿ ಎದುರಾಳಿಗಳನ್ನು ಬೈದು ವಿಡಿಯೊ ಹಾಕಿದೆ. ಅದನ್ನು ನೋಡಿದ ಒಂದು ಗೇಮ್ ಕಂಪನಿಯವರು ಫೋನ್ ಮಾಡಿದರು. ಅವರ ಪಂದ್ಯಗಳಿಗೆ ಕನ್ನಡದಲ್ಲಿ ಕಾಮೆಂಟರಿ ಹೇಳುವವರು ಬೇಕಂತೆ. ಆನ್‌ಲೈನ್ ಪರೀಕ್ಷೆ. ಗೇಮ್ ಆಡುತ್ತಲೇ ಮಾತಾಡಬೇಕು. ಒಳ್ಳೆಯ ಗೇಮಿಂಗ್ ಲ್ಯಾಪ್‌ಟಾಪ್ ಕಡ್ಡಾಯ.

ಅಲ್ಲಿಯವರೆಗೆ ನನ್ನ ಬಾಯಿಯಿಂದ ಸಂಪಾದನೆಯಾಗಿದ್ದು ಏಟುಗಳು ಮಾತ್ರ. ಮೊದಲ ಸಲ ಅದಕ್ಕೊಂದು ಪಗಾರ ಸಿಗುವ ಸಂಭವವಿತ್ತು! ಅಪ್ಪನೂ ಕರಗಿದ. "ಆತು, ಒಂದ್ ಸಲ ನೋಡೂಣು. ಇದೂ ಆಗಲಿಲ್ಲಂದ್ರ ಮುಂದ ಬಾಯಿ ಮುಚ್ಕೊಂಡು ಟ್ರ್ಯಾಕ್ಟರ್ ಹೊಡಿಬೇಕು. ಟ್ರ್ಯಾಕ್ಟರ್‌ ಹಂಗ ಕೆಮ್ಮೂದಲ್ಲ, ಹೊಡಿಯೂದು."

ಹುಬ್ಬಳ್ಳಿಯ ಅಂಗಡಿಯ ಹುಡುಗ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್ ಇಟ್ಟ. ಒಂದು ತೆಳ್ಳಗೆ, ಚೀಲದಲ್ಲಿ ಹಾಕಿಕೊಂಡು ಎಲ್ಲಿಗೂ ಹೋಗಬಹುದಾದದ್ದು. ಇನ್ನೊಂದು ಮನೆಯ ಮೇಜಿನ ಮೇಲೆ ಕಂಪ್ಯೂಟರ್ ಬದಲಿಗೆ ಸ್ಥಾಪಿಸಬಹುದಾದದ್ದು. ಸ್ಥಾಪಿಸುವುದೇ, ಇಡುವುದಲ್ಲ. ಅಪ್ಪ ಒಂದೊಂದನ್ನು ಒಂದೊಂದು ಕೈಯಲ್ಲಿ ಎತ್ತಿ, ಹಳಿಯಾಳ ಸಂತೆಯಲ್ಲಿ ತಾಮ್ರದ ಕೊಡ ತೂಗಿದಂತೆ ತೂಗಿದ.

"ಎರಡಕ್ಕೂ ರೇಟ್ ಎಷ್ಟ್ರಿ?"

"ಹೆಚ್ಚು ಕಡಿಮೆ ಒಂದೇ, ಸರ್."

ಅಪ್ಪನ ಕಣ್ಣರಳಿತು. "ಅದ ರೇಟಿಗೆ ಇದರಾಗ ಎರಡರಷ್ಟು ಮಾಲ್ ಐತಿ! ಆ ತೆಳ್ಳಂದು ಒಳಗ ಟೊಳ್ಳ ಐತೇನ್ರಿ?"

ದಪ್ಪನೆಯದರ ಚಾರ್ಜರ್ ಹೊರಗೆ ಬಂತು. ಯಾವುದೋ ಗೋಡೆಯಿಂದ ಕಿತ್ತು ತಂದ ಇಟ್ಟಿಗೆಯಂತಿತ್ತು. ಅಪ್ಪ ಪಿಸುಗುಟ್ಟಿದ: "ಇದೂ ಸೇರೇ ಕೊಡ್ತಾರಂತ. ಸುಮ್ನ ತಗೋ."

ಹುಡುಗ ಪಾಪ, ಒಳ್ಳೆಯವನು. ನನ್ನತ್ತ ತಿರುಗಿ ಕೇಳಿದ: "ಎಲ್ಲಿಗಾದರೂ ಹೊತ್ತುಕೊಂಡು ಹೋಗೋದು ಇರುತ್ತಾ, ಸರ್?"

ಇಡೀ ವ್ಯವಹಾರದಲ್ಲಿ ಬುದ್ಧಿವಂತಿಕೆಯ ಪ್ರಶ್ನೆ ಇದೊಂದೇ. ನಾನು ಭಾಷಣಕಾರನ ದನಿ ತೆಗೆದೆ: "ಬಂಧುಗಳೇ, ನಾವು ಕುಂತಲ್ಲೇ ರಾಜ್ಯಭಾರ ಮಾಡತಕ್ಕಂಥವರು!" ಹುಡುಗ ನಕ್ಕ, ಅಪ್ಪ ನಕ್ಕ. ಬಿಲ್ಲು ಹರಿಯಿತು.

ದಿನಕ್ಕೆ ಹತ್ತು ಸಲ ಸಿಗ್ನಲ್‌ಗಾಗಿ ಊರ ಮುಂದಿನ ದಿಬ್ಬಕ್ಕೆ ಓಡುವ ಮನುಷ್ಯ ಹೀಗೆ ಹೇಳಿದ್ದ! ಫೋನು ಜೇಬಿನಲ್ಲಿ ಹಗುರವಾಗಿ ಇರುತ್ತದಲ್ಲ, ನಾನು ಓಡುತ್ತಿದ್ದೇನೆ ಎಂಬುದೇ ನನಗೆ ಮರೆತುಹೋಗಿತ್ತು.

ವಾಪಸಾಗುವಾಗ ಬಸ್ಸಿನಲ್ಲಿ ಕಂಡಕ್ಟರ್ ಪೆಟ್ಟಿಗೆ ನೋಡಿದ. "ಟಿವಿ ಏನ್ರಿ? ಲಗೇಜ್ ಆಗ್ತೈತಿ."

"ಟಿವಿ ಅಲ್ರೀ," ಅಪ್ಪ ಗತ್ತಿನಿಂದ ಹೇಳಿದ. "ತೊಡಿ ಮ್ಯಾಲೆ ಇಟ್ಕೊಳ್ಳೂ ಕಂಪ್ಯೂಟರು."

"ಹಂಗಾದ್ರ ತೊಡಿ ಮ್ಯಾಲೇ ಇಟ್ಕೋರಿ."

ಇಟ್ಟುಕೊಂಡೆ. ಧಾರವಾಡ ದಾಟುವಷ್ಟರಲ್ಲಿ ಎಡಗಾಲು ನನ್ನ ಸಂಪರ್ಕ ಕಡಿದುಕೊಂಡಿತು. ಹಳಿಯಾಳದಲ್ಲಿ ಅಪ್ಪ ಮೊದಲು ಪೆಟ್ಟಿಗೆ ಇಳಿಸಿದ, ಆಮೇಲೆ ನನ್ನನ್ನು.

ಮನೆಯಲ್ಲಿ ಅವ್ವ ಯಂತ್ರಕ್ಕೆ ಕುಂಕುಮ ಹಚ್ಚಿದಳು. ಗುಂಡಿ ಒತ್ತಿದೆ. ಕೀಲಿಗಳೆಲ್ಲ ಬಣ್ಣಬಣ್ಣವಾಗಿ ಬೆಳಗಿದವು. ಪರದೆಯ ಮೂಲೆಯಲ್ಲಿ ಒಂದು ಸಾಲು ಬಂತು: ಇಂಟರ್‌ನೆಟ್ ಇಲ್ಲ. ಬೆಕ್ಕು ನನ್ನನ್ನೇ ನೋಡುತ್ತಿತ್ತು.

ಪರೀಕ್ಷೆಯ ಹಿಂದಿನ ದಿನ ಯಂತ್ರವನ್ನು ದಿಬ್ಬಕ್ಕೆ ಹೊತ್ತು, ಹುಣಸೆ ಮರದ ಕೆಳಗೆ ಇಟ್ಟೆ. ಸಿಗ್ನಲ್ ಭರ್ಜರಿ. ಆದರೆ ಈ ಮಹಾಕಾಯನಿಗೆ ಕರೆಂಟಿನ ತಂತಿ ಬಿಚ್ಚಿದರೆ ಜೀವ ಹೋಗುತ್ತದೆ. ಗೇಮ್ ಪೂರ್ತಿ ತೆರೆಯುವುದರೊಳಗೆ ಬ್ಯಾಟರಿ ಕಣ್ಣು ಮುಚ್ಚಿತು. ತೆಳ್ಳನೆಯದಾಗಿದ್ದರೆ ಮರದ ಕೆಳಗೇ ಕೂತು ಪರೀಕ್ಷೆ ಮುಗಿಸಬಹುದಿತ್ತು.

ಸಿಗ್ನಲ್ಲೂ ಕರೆಂಟೂ ಒಟ್ಟಿಗೆ ಇರುವ ಜಾಗ ನಮ್ಮೂರಿನಲ್ಲಿ ಒಂದೇ. ಅದೇ ದಿಬ್ಬದ ಮೇಲಿನ ಕಾಸೀಮ್ ಚಾಚಾನ ಹಿಟ್ಟಿನ ಗಿರಣಿ!

ಮರುದಿನ ಬೆಳಗ್ಗೆ ಲ್ಯಾಪ್‌ಟಾಪನ್ನು ಗೋಣಿಚೀಲದಲ್ಲಿ ಕಟ್ಟಿ, ಸೈಕಲ್ಲಿನ ಕ್ಯಾರಿಯರ್ ಮೇಲಿಟ್ಟು ಹೊರಟೆ. ಗಿರಣಿ ಗಡಗಡ ಎನ್ನುತ್ತಿತ್ತು. ಬುಟ್ಟಿ, ಡಬ್ಬಿಗಳ ಸಾಲು. ಸಾಲಿನ ತುದಿಯಲ್ಲಿ ಸಾಕ್ಷಾತ್ ಗಂಗವ್ವಾಯಿ.

"ಏನ್ ಬೀಸಾಕ ತಂದಿಯೋ ಬಸ್ಯಾ?"

"ಲ್ಯಾಪ್‌ಟಾಪ್, ಆಯಿ."

ಚಾಚಾ ಮುಖದ ಹಿಟ್ಟು ಒರೆಸಿಕೊಂಡ. "ನುಣ್ಣಗ ಬೀಸಲೇನು ಬೇಟಾ, ರವಾ ಮಾಡಲಿ?"

ನಾನು ಕೈಮುಗಿದು ವಿಷಯ ಹೇಳಿದೆ. ಅರ್ಧ ತಾಸು ಗಿರಣಿ ನಿಲ್ಲಿಸಬೇಕು, ಇಲ್ಲದಿದ್ದರೆ ನನ್ನ ದನಿ ಅವರಿಗೆ ಕೇಳುವುದಿಲ್ಲ, ನೌಕರಿಯ ಮಾತು. ಸಾಲಿನಲ್ಲಿ ಗುಸುಗುಸು ಎದ್ದಿತು. ಗಂಗವ್ವಾಯಿಯ ಮನೆಗೆ ಆವತ್ತು ಬೀಗರು ಊಟಕ್ಕೆ ಬರುವವರು. ಜೋಳ ಬುಟ್ಟಿಯಲ್ಲೇ ಇತ್ತು.

ಆದರೂ ಮೊದಲು ಮಾತಾಡಿದವಳು ಆಕೆಯೇ. "ಬಂದ್ ಮಾಡ್ರಿ ಕಾಸೀಮಣ್ಣ. ಬೀಗರಿಗೆ ಚಾ ಕುಡಿಸಿ ಕುಂದ್ರಸ್ತೇನಿ. ಹುಡುಗನ ಬಾಯಿಗೆ ಒಂದು ದಾರಿ ಆದ್ರ ನಮ್ಮ ಓಣಿಗೂ ಶಾಂತಿ."

ಗಿರಣಿ ನಿಂತಿತು. ಹುಟ್ಟಿದಾಗಿನಿಂದ ಆ ದಿಬ್ಬದಲ್ಲಿ ಅಂಥ ಮೌನ ನಾನು ಕೇಳಿರಲಿಲ್ಲ.

ಅಕ್ಕಿ ಹಿಟ್ಟಿನ ಮೂಟೆಯ ಮೇಲೆ ಯಂತ್ರ ಸ್ಥಾಪಿಸಿ, ಗೋಡೆಯಿಂದ ಕರೆಂಟು, ನನ್ನ ಫೋನಿನಿಂದ ಇಂಟರ್‌ನೆಟ್ ಕೊಟ್ಟೆ. ಪರದೆಯಲ್ಲಿ ಕನ್ನಡಕದ ಪರೀಕ್ಷಕರು ಬಂದರು. "ಶುರು ಮಾಡಿ." ಕಾರು ಹೊರಟಿತು. ಈಗ ನನ್ನ ಬ್ರಹ್ಮಾಸ್ತ್ರ, ಗಂಗವ್ವಾಯಿಯ ದನಿ! ಆಕೆ ಬೆನ್ನ ಹಿಂದೆಯೇ ನಿಂತಿದ್ದಾಳೆ ಎಂಬುದು ಬಾಯಿಂದ ದನಿ ಹೊರಬಿದ್ದ ಮೇಲೆ ನೆನಪಾಯಿತು.

"ಏ ಮೂಳಾ! ಅಡ್ಡಡ್ಡ ಯಾಕ ಬರ್ತೀಯೋ? ರಸ್ತಾ ನಿಮ್ಮಪ್ಪ ಕಟ್ಟಿಸ್ಯಾನೇನು?"

ಹಿಂದಿನಿಂದ ಒಂದು ಉಸಿರು ಕೇಳಿಸಿತು, ಅಷ್ಟೇ. ಪರೀಕ್ಷಕರು ನಕ್ಕರು. ನಾನು ಉಬ್ಬಿದೆ. ಯಂತ್ರವೂ ಬಿಸಿಯಾಯಿತು, ಅದರ ಹೊಟ್ಟೆಯ ಫ್ಯಾನು ತಿರುಗತೊಡಗಿತು. ತಿರುಗಿದ್ದೇ ತಡ, ಕೆಳಗಿನ ಮೂಟೆಯ ಹಿಟ್ಟನ್ನು ಒಳಗೆ ಎಳೆಯತೊಡಗಿತು! ಗಂಟಲಿಗೆ ಹಿಟ್ಟು ಸಿಕ್ಕಿದ ಸದರಿ ಯಂತ್ರವು ಮೊದಲು ಗುರುಗುಟ್ಟಿತು, ನಂತರ ಕೂಗಿತು, ಕೊನೆಗೆ ಘರ್ಜಿಸಿತು. ಬೆನ್ನಿನಿಂದ ಬಿಳಿಯ ಹೊಗೆಯಂತೆ ಒಂದಿಷ್ಟು ಹಿಟ್ಟು ಹಾರಿ, ಚಾಚಾನ ಗಡ್ಡ ಇನ್ನಷ್ಟು ಬೆಳ್ಳಗಾಯಿತು.

ಪರೀಕ್ಷಕರು ಕಿವಿಗೆ ಕೈ ಹಿಡಿದರು. "ಏನ್ರಿ ಅದು ಶಬ್ದ? ಎಲ್ಲಿ ಕೂತಿದೀರಿ?"

"ಗಿರಣಿಯಲ್ಲಿ, ಸರ್!"

"ಮೊದಲು ಆ ಗಿರಣಿ ನಿಲ್ಲಿಸ್ರಿ!"

"ಗಿರಣಿ ನಿಂತೇ ಇದೆ, ಸರ್!"

"ಏನು? ಕೇಳ್ತಿಲ್ಲ!"

ನಾನು ಕೂಗಿದೆ. ಯಂತ್ರ ನನಗಿಂತ ಜೋರಾಗಿ ಕೂಗಿತು. ಪರೀಕ್ಷಕರು ತಲೆಯಾಡಿಸಿ, "ಸಾರಿ, ನಿಮ್ಮ ದನಿಗಿಂತ ಗಿರಣಿಯೇ ಕೇಳ್ತಿದೆ. ಮುಂದಿನವರನ್ನು ಕರೀತೀವಿ," ಎಂದರು. ಪರದೆ ಕಪ್ಪಾಯಿತು. ನನ್ನ ಪಗಾರವೂ ಅದರೊಳಗೇ ಹೋಯಿತು.

ಯಂತ್ರ ಮಾತ್ರ ಇನ್ನೂ ಘರ್ಜಿಸುತ್ತಿತ್ತು. ಯಾರೂ ನಗಲಿಲ್ಲ. ಚಾಚಾ ನನ್ನ ಹೆಗಲ ಮೇಲೆ ಕೈಯಿಟ್ಟ, ಅಂಗಿಯ ಮೇಲೆ ಐದು ಬೆರಳಿನ ಹಿಟ್ಟಿನ ಗುರುತು ಮೂಡಿತು. ಗಂಗವ್ವಾಯಿ ತನ್ನ ಜೋಳದ ಬುಟ್ಟಿ ಎತ್ತಿಕೊಂಡು ಮುಂದೆ ಬಂದಳು. ಲ್ಯಾಪ್‌ಟಾಪನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ನಾನು ಎಷ್ಟು ವರ್ಷ ಕಲಿತರೂ ಬಾರದ ಆ ಅಸಲಿ ದನಿಯಲ್ಲಿ ಹೇಳಿದಳು:

"ನಿನ್ನ ಗಿರಣಿ ಬಂದ್ ಮಾಡೋ ತಮ್ಮಾ, ನಮ್ಮದು ಚಾಲೂ ಆಗ್ಲಿ. ನಮ್ಮದು ಒದರಿದ್ರ ಬುಟ್ಟಿಗೆ ಹಿಟ್ಟರ ಬೀಳ್ತೈತಿ. ನಿಂದು ಇದ್ದ ಹಿಟ್ಟನೂ ತಿಂತೈತಿ!"